ಗಾಳಿಗೂ ಒಂದು ಹಿತ್ತಲ ಬಾಗಿಲು

ಯಂತ್ರಕ್ಕೂ ಸೆಕೆ ಆಗುತ್ತದೆ ಎಂದು ನಮ್ಮ ಜುಗೂಳದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹೊಳೆದಂಡೆಯ ಪಂಪಿನ ಮೋಟಾರಿಗೆ ರವದಿಯ ಚಪ್ಪರ ಹಾಕುವವರು ನಾವು. ಕಬ್ಬು ತುಂಬಿದ ಎರಡೆರಡು ಟ್ರೇಲರು ಎಳೆದು ಬಂದ ಟ್ರ್ಯಾಕ್ಟರನ್ನು ಬೇವಿನ ಮರದಡಿ ನಿಲ್ಲಿಸಿ, ಬಾನೆಟ್ ಎತ್ತಿ, “ಸ್ವಲ್ಪ ದಮ್ ತಗೊಳ್ಳಲಿ ಬಿಡ” ಎನ್ನುವವರು ನಾವು. ಕೃಷ್ಣೆ ಪಕ್ಕದಲ್ಲೇ ಹರಿಯುತ್ತಾಳೆ, ನಿಜ. ಆದರೆ ಏಪ್ರಿಲ್ ಬಂತೆಂದರೆ ಪಾರಾ 40ರ ಆಸುಪಾಸಿಗೆ ಹೋಗಿ ಕೂರುತ್ತದೆ. ಹೊಳೆಯೂ ಸೊರಗಿ ತನ್ನ ಪಾಡು ತಾನು ನೋಡಿಕೊಳ್ಳುತ್ತಿರುತ್ತದೆ. ಅಂಥ ಊರಿಗೆ ಕಂಪ್ಯೂಟರು ಬಂದಾಗ ಅದರ ಕಷ್ಟ ನಮಗೆ ಬೇಗ ತಿಳಿಯಿತು. ತಿಳಿಯಲು ತಡವಾದದ್ದು ಉಪಾಯ.

ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಆನ್‌ಲೈನ್ ಅಂಗಡಿ ಇದೆ. ಉತಾರ ತೆಗೆಯುವುದು, ಆಧಾರ್ ಝೆರಾಕ್ಸ್, ಬೆಳೆವಿಮೆ, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ, ಮದುವೆ ಪತ್ರಿಕೆ, ಹೀಗೆ ಊರಿನ ಅರ್ಧ ವ್ಯವಹಾರ ಅಲ್ಲಿಯ ಒಂದೇ ಸಿಪಿಯು ಡಬ್ಬಿಯೊಳಗೆ ನಡೆಯುತ್ತದೆ. ಮೇಲೆ ಪತ್ರಾಸು. ಕೆಳಗೆ ಒಂದು ಟೇಬಲ್ ಫ್ಯಾನು, ಅದರ ಮುಖ ಮಾತ್ರ ಸದಾ ಡಬ್ಬಿಯ ಕಡೆಗೆ. ಡಬ್ಬಿಯ ಪಕ್ಕದ ತಗಡನ್ನು ಬಿಚ್ಚಿ ಗೋಡೆಗೆ ಒರಗಿಸಿ ವರ್ಷಗಳೇ ಆದವು. ಈಗ ಅದಕ್ಕೆ ಅಂಗಡಿಯವನು ದರಪಟ್ಟಿ ಅಂಟಿಸಿದ್ದಾನೆ. ಬೆವರು ಒರೆಸಿಕೊಳ್ಳುತ್ತ ಸಾಲಿನಲ್ಲಿ ನಿಂತ ಹಿರಿಯರೊಬ್ಬರು ಒಮ್ಮೆ ತಾಳಲಾರದೆ ಅಂದರು: “ತಮ್ಮಾ, ಆ ಫ್ಯಾನ ಒಂದೀಟ ನಮ್ಮ ಕಡೆ ತಿರಗಸೋ.”

“ಮಾಮಾ, ನಿಮಗ ಸೆಕಿ ಆದರ ಗಿಡದ ಬುಡಕ ಹೋಗಿ ಕುಂದರತೀರಿ. ಇದು ಎಲ್ಲಿ ಹೋಗಬೇಕು ಹೇಳ್ರಿ?”

ಹಿರಿಯರು ಸುಮ್ಮನಾದರು. ನನಗೆ ಮಾತ್ರ ಆ ಪ್ರಶ್ನೆ ಅಂಗಡಿಯವನು ತಿಳಿದದ್ದಕ್ಕಿಂತ ದೊಡ್ಡದು ಅನ್ನಿಸಿತು. ಡಬ್ಬಿ ಎಲ್ಲಿಗೂ ಹೋಗಬೇಕಾಗಿಲ್ಲ. ಅದರೊಳಗಿನ ಕಾವು ಎಲ್ಲಿ ಹೋಗಬೇಕು? ಫ್ಯಾನಿನ ಮುಖ ಎತ್ತ ತಿರುಗಿಸಬೇಕೆಂದು ಜಗಳಾಡುವ ನಾವು, ಬಂದ ಗಾಳಿ ಎತ್ತ ಹೊರಡಬೇಕೆಂದು ಕೇಳುವುದೇ ಇಲ್ಲ.

ಕಂಪ್ಯೂಟರು ತಿಂದ ಕರೆಂಟೆಲ್ಲ ಕೊನೆಗೆ ಕಾವೇ. ಉತಾರ ತೆಗೆಯಲಿ, ಸಿನಿಮಾ ತೋರಿಸಲಿ, 300 ವ್ಯಾಟು ಒಳಗೆ ಹೋಯಿತೆಂದರೆ ಹೆಚ್ಚುಕಡಿಮೆ ಅಷ್ಟೂ ವ್ಯಾಟು ಬಿಸಿಯಾಗಿ ಹೊರಗೆ ಬರಬೇಕು. ಅದರಲ್ಲಿ ದೊಡ್ಡ ಪಾಲು ಹುಟ್ಟುವುದು ಹೆಬ್ಬೆರಳ ಉಗುರಿಗಿಂತ ಒಂದಿಷ್ಟೇ ದೊಡ್ಡದಾದ ಸಿಲಿಕಾನ್ ಚೂರಿನಲ್ಲಿ. ಇಂಟೆಲ್‌ನ ಅನೇಕ ಪ್ರೊಸೆಸರುಗಳಿಗೆ 100 ಡಿಗ್ರಿ ಸೆಲ್ಸಿಯಸ್ ಗಡಿ. ಎಎಂಡಿಯ ಹಲವು ಹೊಸ ಚಿಪ್ಪುಗಳಿಗೆ 95. ಗಡಿ ಹತ್ತಿರ ಬಂತೆಂದರೆ ಚಿಪ್ಪು ಜಾಣತನದಿಂದ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಯಂತ್ರ ಬಂದ್. ನಮ್ಮಲ್ಲಿ ಪರದೆ ನಿಧಾನವಾಯಿತೆಂದರೆ “ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ” ಎಂಬ ಒಂದೇ ಉತ್ತರ. ಎಷ್ಟೋ ಮಧ್ಯಾಹ್ನ ಬೆಂಗಳೂರಿನ ಸರ್ವರು ಗಟ್ಟಿಮುಟ್ಟಾಗಿ ಕೆಲಸ ಮಾಡುತ್ತಿದ್ದು, ಟೇಬಲ್ ಕೆಳಗಿನ ಡಬ್ಬಿಯೇ ಕಾದು ಕುಂತಿರುತ್ತದೆ ಎಂದು ನನಗೆ ಗುಮಾನಿ.

ಚಿಪ್ಪಿನ ಕಾವು ಹೊರಬರುವ ದಾರಿ ಹೀಗಿದೆ. ಚಿಪ್ಪಿನ ಮೇಲೆ ಒಂದು ಕಾಳಿನಷ್ಟು ಥರ್ಮಲ್ ಪೇಸ್ಟ್. ಅದರ ಮೇಲೆ ತಾಮ್ರ, ಅಲ್ಯುಮಿನಿಯಮ್ಮಿನ ಪದರು ಪದರು ತಗಡುಗಳು. ಅವುಗಳ ನಡುವೆ ಊದುವ ಫ್ಯಾನು. ಪೇಸ್ಟ್ ಏಕೆಂದರೆ, ನುಣುಪಾಗಿ ಕಾಣುವ ಎರಡು ಲೋಹಗಳ ನಡುವೆಯೂ ಕಣ್ಣಿಗೆ ಕಾಣದ ಸಂದುಗಳಿರುತ್ತವೆ, ಅಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ನಿಂತ ಗಾಳಿ ಕಾವನ್ನು ದಾಟಿಸುವುದಿಲ್ಲ. ಕುರಿಯ ಕಂಬಳಿ ಬೆಚ್ಚಗಿರುವುದೂ ಉಣ್ಣೆಯ ಎಳೆಗಳ ನಡುವೆ ನಿಂತ ಗಾಳಿಯಿಂದಲೇ. ಅದೇ ಗಾಳಿ ನಡೆದಾಡತೊಡಗಿದರೆ ಕಾವನ್ನು ಹೊತ್ತುಕೊಂಡು ಹೋಗುತ್ತದೆ. ಹಾಗಾಗಿ ಒಳಗಿನ ಫ್ಯಾನು ಎಷ್ಟೇ ತಿರುಗಲಿ, ಡಬ್ಬಿಯ ಬಿಸಿಗಾಳಿ ಡಬ್ಬಿಯಲ್ಲೇ ಸುತ್ತುತ್ತಿದ್ದರೆ ಫಲವಿಲ್ಲ. ಕೋಣೆಯಲ್ಲಿ 38 ಡಿಗ್ರಿ ಇದ್ದರೆ ಬರೀ ಗಾಳಿ ಹಾಯಿಸಿ ಒಳಗೆ 37 ಮಾಡುವುದು ಯಾವ ಫ್ಯಾನಿಗೂ ಆಗದು. ಅದು ಮಾಡಬಹುದಾದದ್ದು ಒಂದೇ: ಒಳಗಿನ ಕಾವನ್ನು ಬೇಗ ಬೇಗ ಕಳಿಸಿಕೊಟ್ಟು ಕೋಣೆಯ ಮಟ್ಟಕ್ಕೆ ಆದಷ್ಟು ಹತ್ತಿರ ತರುವುದು.

ಇದನ್ನು ನಮ್ಮ ಹಳೆಯ ಮಾಳಿಗೆ ಮನೆ ಬಲ್ಲದು. ದಪ್ಪ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಮುಂದೆ ಪಡಸಾಲೆಯ ಬಾಗಿಲು, ಅಡಿಗೆಮನೆಯ ನೆತ್ತಿಯಲ್ಲಿ ಒಂದು ಬೆಳಕಿಂಡಿ. ಪಡಸಾಲೆಯಿಂದ ಬಂದ ಗಾಳಿ ನೆಲದ ತಂಪನ್ನು ಸವರಿಕೊಂಡು ಒಲೆಯ ತನಕ ನಡೆದು, ಹೊಗೆಯನ್ನೂ ಸೆಕೆಯನ್ನೂ ಜೊತೆಗೆ ಕರೆದುಕೊಂಡು ಬೆಳಕಿಂಡಿಯಿಂದ ಹೊರಬೀಳುತ್ತಿತ್ತು. ಮಳೆ ಬಂದಾಗ ಮಾಳಿಗೆ ಏರಿ ಅದನ್ನು ಮುಚ್ಚಲು ಓಡುತ್ತಿದ್ದದ್ದು ಮನೆಯ ಮಕ್ಕಳ ಕೆಲಸ. ಒಳ್ಳೆಯ ಕಂಪ್ಯೂಟರ್ ಡಬ್ಬಿಯ ನಕ್ಷೆಯೂ ಇಷ್ಟೇ. ಮುಂದೆ, ಕೆಳಗೆ ಪಡಸಾಲೆ: ಅಲ್ಲಿ ಒಳಗೆಳೆಯುವ ಫ್ಯಾನುಗಳು. ಹಿಂದೆ, ಮೇಲೆ ಬೆಳಕಿಂಡಿ: ಅಲ್ಲಿ ಹೊರದೂಡುವ ಫ್ಯಾನು. ನಡುವೆ ಒಲೆ. ದಾರಿಯಲ್ಲಿ ಅಡ್ಡಾದಿಡ್ಡಿ ವೈರುಗಳಿರಬಾರದು. ಅವನ್ನು ಮದರ್‌ಬೋರ್ಡಿನ ಹಿಂದಿನ ಸಂದಿಗೆ ಸರಿಸಿ ಕಟ್ಟಬೇಕು. ಅಂಗಡಿಯವನ ಹಾಗೆ ಪಕ್ಕದ ತಗಡು ಬಿಚ್ಚಿಟ್ಟರೆ? ಗಾಳಿಕಿಂಡಿಯೇ ಇಲ್ಲದ ಹಳೆಯ ಡಬ್ಬಿಗೆ ಅದರಿಂದ ನಾಲ್ಕು ಡಿಗ್ರಿ ಉಪಕಾರ ಆದರೂ ಆದೀತು. ನಕ್ಷೆ ಸರಿಯಿರುವ ಡಬ್ಬಿಯಲ್ಲಿ ಮಾತ್ರ ಮುಂದಿನಿಂದ ಹಿಂದಕ್ಕೆ ಹೋಗಬೇಕಾದ ಗಾಳಿ ದಾರಿ ತಪ್ಪುತ್ತದೆ, ಮೂಲೆಯಲ್ಲಿರುವ ಹಾರ್ಡ್‌ಡಿಸ್ಕಿಗೆ ಉಸಿರು ತಟ್ಟುವುದಿಲ್ಲ, ಹಲ್ಲಿಗಳಿಗೆ ಬಾಡಿಗೆಯಿಲ್ಲದ ಮನೆ ಸಿಗುತ್ತದೆ.

ಈಗ ನಾವು ಕಟ್ಟುತ್ತಿರುವ ಆರ್‌ಸಿಸಿ ಮನೆಗಳಿಗೆ ಬೆಳಕಿಂಡಿ ಇಲ್ಲ. ಎದುರಿಗೆ ದೊಡ್ಡ ಗಾಜು, ಒಳಗೆ ಬಣ್ಣದ ದೀಪ. ಅಂಥ ಮನೆಯಲ್ಲಿ ಬೆಳೆದ ನಮ್ಮ ಅಣ್ಣನ ಮಗ ಸಾಂಗಲಿಗೆ ಹೋಗಿ ಕಂಪ್ಯೂಟರ್ ಡಬ್ಬಿ ತಂದರೆ ಅದೂ ಮನೆಗೆ ತಕ್ಕ ಹಾಗೇ ಇರಬೇಕಲ್ಲ! ಮುಂದೆ ಗಾಜು, ಪಕ್ಕಕ್ಕೆ ಗಾಜು. ಮುಂದಿನ ಗಾಜಿನ ಹಿಂದೆ ಕೆಂಪು, ಹಸಿರು, ನೀಲಿ ಬೆಳಗುವ 120 ಮಿಲಿಮೀಟರಿನ ಮೂರು ಫ್ಯಾನು. ರಾತ್ರಿ ಅವನ ಕೋಣೆ ನೋಡಿದರೆ ಉರುಸಿನ ದೀಪಾಲಂಕಾರ ನೆನಪಾಗುತ್ತಿತ್ತು.

“ಎಷ್ಟ ತಂಪ ಇರತೈತಿ ನೋಡ ಕಾಕಾ, ಮುಂದ ಮೂರು ಫ್ಯಾನ್ ಅದಾವ.”

“ಮೂರೂ ಎಲ್ಲಿಂದ ಗಾಳಿ ತರಬೇಕೋ ತಮ್ಮಾ? ಮುಂದ ಗಾಜ ಜಡದಾರಲ್ಲ!”

ಗಾಜಿನ ಅಂಚಿಗೆ ಬೆರಳು ತೂರುವಷ್ಟು ಸಂದು ಇತ್ತು, ಅದನ್ನು ತೋರಿಸಿದ. ಆ ಸಂದಿಗೆ ಮೂರು ಫ್ಯಾನುಗಳು ಬಾಯಿ ಹಚ್ಚಿ ಎಳೆಯುತ್ತಿದ್ದವು. ಗಾಳಿ ಬಾರದ್ದಕ್ಕೆ ಇನ್ನಷ್ಟು ಜೋರಾಗಿ ತಿರುಗುತ್ತಿದ್ದವು. ಫ್ಯಾನಿನ ಲೆಕ್ಕವೇ ವಿಚಿತ್ರ: ಅದರ ವೇಗ ಎರಡು ಪಟ್ಟು ಮಾಡಿದರೆ ಗಾಳಿ ಎರಡು ಪಟ್ಟಾಗುತ್ತದೆ, ಬೇಕಾಗುವ ಶಕ್ತಿ ಎಂಟು ಪಟ್ಟು. ಸದ್ದಿನ ಮಾತಂತೂ ಕೇಳುವುದೇ ಬೇಡ. ದೊಡ್ಡ ಫ್ಯಾನು ಮೆಲ್ಲಗೆ ತಿರುಗಿದರೆ ಆಗುವ ಕೆಲಸವನ್ನು ಸಣ್ಣ ಫ್ಯಾನು ಕೂಗಾಡಿ ಮಾಡುತ್ತದೆ. 120ರ ಬದಲು 140 ಮಿಲಿಮೀಟರಿನದು ಹಿಡಿಸಿದರೆ ಅದನ್ನೇ ಹಾಕು ಎಂದು ತಿಳಿದವರು ಹೇಳುವುದು ಇದಕ್ಕೇ.

ಇನ್ನು ದೂಳಿನ ಕಥೆ. ಕಬ್ಬು ಕಡಿದಾದ ಮೇಲೆ ಹೊಲದಲ್ಲಿ ಉಳಿದ ರವದಿಗೆ ಬೆಂಕಿ ಹಚ್ಚುತ್ತಾರೆ. ಸುಟ್ಟ ಎಸಳುಗಳು ಕಪ್ಪಾಗಿ, ಹಗುರಾಗಿ, ಗಾಳಿಯಲ್ಲಿ ತೇಲುತ್ತ ಊರೊಳಗೆ ಬರುತ್ತವೆ. ಒಣಹಾಕಿದ ಬಟ್ಟೆ, ಹಪ್ಪಳ, ಬೋಳು ತಲೆ, ಯಾವುದನ್ನೂ ಬಿಡುವುದಿಲ್ಲ. ಅಂಥ ಸುಗ್ಗಿ ಮುಗಿದ ಮೇಲೆ ಆನ್‌ಲೈನ್ ಅಂಗಡಿಯ ಡಬ್ಬಿಯನ್ನು ಬಿಚ್ಚಿದಾಗ ನಾನೂ ಅಲ್ಲಿದ್ದೆ. ಪ್ರೊಸೆಸರಿನ ಫ್ಯಾನನ್ನು ಎತ್ತಿದ ಕೂಡಲೇ ಅದರಡಿಯಲ್ಲಿ ಇನ್ನೊಂದು ಹೊದಿಕೆ ಕಂಡಿತು: ಬೂದು ಬಣ್ಣದ, ಬೆರಳ ದಪ್ಪದ ದೂಳಿನ ಪದರು. ಉಗುರು ಹಾಕಿ ಒಂದು ಮೂಲೆ ಎತ್ತಿದರೆ ಇಡಿಯಾಗಿ ಎದ್ದುಬಂತು. ಅದರೊಳಗೆ ರವದಿಯ ಕಪ್ಪು ಎಳೆ, ಯಾರದೋ ತಲೆಗೂದಲು, ಟವೆಲ್ಲಿನ ನೂಲು, ಒಂದು ಒಣಗಿದ ಸೊಳ್ಳೆ. ಕೆಳಗಿನ ಅಲ್ಯುಮಿನಿಯಮ್ ತಗಡುಗಳು ಮಾತ್ರ ನಿನ್ನೆ ಕೊಂಡು ತಂದ ಹಾಗೆ ಹೊಳೆಯುತ್ತಿದ್ದವು. ಪಾಪ, ಅವಕ್ಕೆ ಎಷ್ಟೋ ದಿನದಿಂದ ಗಾಳಿಯೇ ಸೋಕಿರಲಿಲ್ಲ.

ಅಂಗಡಿಯವನು ಟ್ರ್ಯಾಕ್ಟರಿನ ಪಂಕ್ಚರ್ ತೆಗೆಯುವಲ್ಲಿಗೆ ಡಬ್ಬಿ ಹೊತ್ತು ಹೊರಟಿದ್ದ, ಕಂಪ್ರೆಸರಿನ ಗಾಳಿ ಹೊಡೆಸಲು. ಅವನನ್ನು ತಡೆದು ಹೇಳಬೇಕಾಯಿತು: ಅಲ್ಲಿಯ ಗಾಳಿಯಲ್ಲಿ ನೀರು, ಎಣ್ಣೆ ಎರಡೂ ಬರುತ್ತವೆ, ಕೈ ಬ್ಲೋವರ್ ಸಾಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಬಿಟ್ಟರೆ ಅದು ತನ್ನ ಯೋಗ್ಯತೆಗೆ ಮೀರಿ ಗಿರ್ರೆಂದು ತಿರುಗಿ ಬೇರಿಂಗ್ ಕೆಡಿಸಿಕೊಳ್ಳುತ್ತದೆ, ಕೆಲವೊಮ್ಮೆ ತಾನೇ ಡೈನಮೋ ಆಗಿ ಬೋರ್ಡಿಗೆ ಕರೆಂಟು ಕಳಿಸುತ್ತದೆ. ದೂಳು ಬಾರದಂತೆಯೇ ಮಾಡಲು ಇನ್ನೊಂದು ಉಪಾಯವಿದೆ. ಹೊರದೂಡುವುದಕ್ಕಿಂತ ಒಳಗೆಳೆಯುವ ಗಾಳಿ ಒಂದು ಕೈ ಹೆಚ್ಚಿರಲಿ, ಎಳೆಯುವ ಕಡೆ ತೊಳೆಯಲು ಬರುವ ಜಾಳಿಗೆ ಇರಲಿ. ಆಗ ಡಬ್ಬಿಯೊಳಗಿನ ಒತ್ತಡ ಹೆಚ್ಚಾಗಿ, ಸಂದುಗೊಂದುಗಳಿಂದ ಗಾಳಿ ಹೊರಗೆ ಸೂಸುತ್ತದೆ. ದೂಳು ಬರುವುದಾದರೆ ಜಾಳಿಗೆಯಲ್ಲೇ ಸಿಗುತ್ತದೆ. ಲೆಕ್ಕ ತಿರುಗಮುರುಗಾದರೆ ಯುಎಸ್‌ಬಿಯ ತೂತೂ ಮೂಗಾಗಿ ದೂಳು ಎಳೆಯುತ್ತದೆ.

ನಮ್ಮ ಹುಡುಗನ ಗಾಜಿನ ಅರಮನೆಯ ಒಳಗುಟ್ಟು ಹೊರಬಿದ್ದದ್ದು ಖಂಡೇನವಮಿಯ ದಿನ. ಆವತ್ತು ಕುಡ, ಕುರ್ಪಿ, ಟ್ರ್ಯಾಕ್ಟರು, ಹೊಲಿಗೆ ಯಂತ್ರ, ಎಲ್ಲಕ್ಕೂ ಪೂಜೆ. ಕಂಪ್ಯೂಟರಿಗೂ ವಿಭೂತಿ, ಕುಂಕುಮ, ಚೆಂಡು ಹೂವಿನ ದಪ್ಪ ಮಾಲೆ. ಯಂತ್ರ ಚಾಲೂ ಇರಬೇಕೆಂಬುದು ಮನೆಯ ಆಯಿಯ ಕಟ್ಟಪ್ಪಣೆ. ಬಂದ್ ಮಾಡಿದ ದೇವರಿಗೆ ಯಾರು ಪೂಜೆ ಮಾಡುತ್ತಾರೆ? ಆಯಿ ಊದಿನಕಡ್ಡಿ ಹಚ್ಚಿ ಡಬ್ಬಿಯ ಮುಂದೆ ಬೆಳಗಿದಳು. ಹೊಗೆ ಒಳಗೆ ಹೋಗದೆ ಗಾಜಿನ ಮೇಲೆ ಸೋಮಾರಿಯಾಗಿ ಏರಿ ಛತ್ತಿಗೆ ಹೋಯಿತು. ಪ್ರದಕ್ಷಿಣೆಯ ನೆಪದಲ್ಲಿ ಹಿಂದಕ್ಕೆ ಹೋದಳು ನೋಡಿ, ಹೊಗೆಯ ಎಳೆ ಸಟ್ಟನೆ ಬಾಗಿ ಹಿಂದಿನ ಫ್ಯಾನಿನೊಳಗೆ ನುಗ್ಗಿತು!

“ಇದರ ಮೂಗ ಹಿಂದ ಐತೇನೋ?” ಅಂದಳು ಆಯಿ.

ಹಿಂದಿನ ಫ್ಯಾನನ್ನು ಉಲ್ಟಾ ಕೂಡಿಸಿದ್ದರು. ಹೊರದೂಡಬೇಕಾದದ್ದು ಒಳಗೆಳೆಯುತ್ತಿತ್ತು, ಮುಂದಿನ ಮೂರು, ಹಿಂದಿನ ಒಂದು, ನಾಲ್ಕೂ ಒಳಮುಖವಾಗಿ, ಹೊರಗೆ ಹೋಗಲು ದಾರಿಯೇ ಇಲ್ಲದೆ ಬಿಸಿಗಾಳಿ ನಡುವೆ ಸಿಕ್ಕಿ ಸುತ್ತುತ್ತಿತ್ತು. ಫ್ಯಾನಿನ ದಿಕ್ಕು ತಿಳಿಯಲು ಸುಲಭದ ಗುರುತಿದೆ: ಮೋಟಾರನ್ನು ಹಿಡಿದ ಅಡ್ಡಪಟ್ಟಿಗಳು ಯಾವ ಮೈಗೆ ಕಾಣುತ್ತವೋ ಗಾಳಿ ಹೊರಬೀಳುವುದು ಆ ಕಡೆಗೆ. ಬಣ್ಣ ಚೆಲ್ಲುವ ಚೆಂದದ ಮುಖ ಹೊರಗಡೆಗೆ ಕಾಣಲಿ ಎಂದು ಜೋಡಿಸಿದವರು ತಿರುಗಿಸಿ ಹಾಕಿದ್ದಿರಬೇಕು. ಅದೇ ಸಂಜೆ ಹುಡುಗ ನಾಲ್ಕು ಸ್ಕ್ರೂ ಬಿಚ್ಚಿ ಫ್ಯಾನು ತಿರುಗಿಸಿದ. ಮುಂದಿನ ಗಾಜು ತೆಗೆದು ತೂತು ತಗಡಿನ ಜಾಳಿಗೆ ಕೂಡಿಸಿದ. ಆಯಿ ಮತ್ತೊಮ್ಮೆ ಊದಿನಕಡ್ಡಿ ಹಿಡಿದಳು. ಹೊಗೆ ಮುಂದಿನಿಂದ ಒಳಗೆ ಹೋಗಿ, ಒಂದು ಕ್ಷಣ ಮಾಯವಾಗಿ, ಹಿಂದಿನಿಂದ ಚದುರಿ ಹೊರಬಂತು. “ಈಗ ನೆಟ್ಟಗ ಆತ ನೋಡ” ಎಂದು ತೀರ್ಪು ಕೊಟ್ಟು ಆಯಿ ಹೊಲಿಗೆ ಯಂತ್ರದ ಕಡೆ ಹೋದಳು.

ಗಾಳಿಯ ದಿಕ್ಕಿನಲ್ಲಿ ಎಡವಿದವರು ಬರೀ ಅಂಗಡಿಯ ಹುಡುಗರಲ್ಲ. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ನಕ್ಷೆ ತಂದಾಗ ಪವರ್ ಸಪ್ಲೈ ಫ್ಯಾನು ಒಳಮುಖವಾಗಿ ಪ್ರೊಸೆಸರಿನ ಮೇಲೆ ಊದಲಿ ಎಂದು ಬರೆದಿತ್ತು. ಪವರ್ ಸಪ್ಲೈ ಕಾವನ್ನು ಹೊತ್ತು ಬಂದ ಗಾಳಿ ಪ್ರೊಸೆಸರಿಗೆ ಏನು ತಂಪು ಕೊಟ್ಟೀತು? ಮುಂದೆ ಅದು ಹೊರಮುಖವಾಯಿತು. ಅದಕ್ಕೂ ಹಿಂದೆ, 1980ರಲ್ಲಿ ಬಂದ ಆಪಲ್ 3ಕ್ಕೆ ಸ್ಟೀವ್ ಜಾಬ್ಸ್ ಫ್ಯಾನೇ ಬೇಡವೆಂದರಂತೆ; ಸದ್ದು ಅವರಿಗೆ ಆಗುತ್ತಿರಲಿಲ್ಲ. ಕಾದ ಯಂತ್ರದಲ್ಲಿ ಚಿಪ್ಪುಗಳು ಕೂತ ಜಾಗದಿಂದ ಸಡಿಲವಾದಾಗ, ಯಂತ್ರವನ್ನು ಒಂದೆರಡು ಇಂಚು ಎತ್ತಿ ಮೇಜಿನ ಮೇಲೆ ಬಿಡಿ, ಸರಿಯಾಗುತ್ತದೆ ಎಂದು ಗಿರಾಕಿಗಳಿಗೆ ಹೇಳಲಾಗಿತ್ತಂತೆ. ಟಿವಿಯ ನೆತ್ತಿಗೆ ಅಂಗೈಯಿಂದ ಬಾರಿಸಿ ಚಿತ್ರ ತರಿಸುತ್ತಿದ್ದ ನಮಗೆ ಈ ಚಿಕಿತ್ಸೆ ಅಷ್ಟೇನೂ ಅಪರಿಚಿತವಲ್ಲ.

ಬಿಸಿಯನ್ನು ಹೊರಗೆ ಕಳಿಸುವ ವಿಚಾರದಲ್ಲಿ ಗುರು ಬೇಕೆಂದರೆ ನಮಗೆ ಕ್ಯಾಲಿಫೋರ್ನಿಯಾ ತನಕ ಹೋಗುವ ಕೆಲಸವಿಲ್ಲ. ಹೊಳೆ ದಾಟಿದರೆ ಸಾಕು, ಆಚೆ ದಂಡೆ ಮಹಾರಾಷ್ಟ್ರದ ಖಿದ್ರಾಪುರ. ಶಿಲಾಹಾರರ ಕಾಲದ, 12ನೇ ಶತಮಾನದ ಕೋಪೇಶ್ವರ ಗುಡಿ ಅಲ್ಲಿದೆ. ಗೋಡೆ, ಕಂಬಗಳಲ್ಲಿ ಕನ್ನಡದ ಶಾಸನಗಳೂ ಇವೆ. ಗುಡಿಯ ಮುಂದಿನ ಸ್ವರ್ಗಮಂಟಪಕ್ಕೆ 48 ಕಂಬ, ಆದರೆ ಛತ್ತಿನ ನಡುವೆ ಗುಂಡನೆಯ ಬಯಲು. ಶಿಲ್ಪಿ ಅದನ್ನು ಮುಚ್ಚಲು ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಅದರ ನೇರ ಕೆಳಗೆ ಅಷ್ಟೇ ಗುಂಡನೆಯ ಕಲ್ಲಿನ ಹಾಸು. ಇಲ್ಲಿ ಹೋಮ ನಡೆಯುತ್ತಿತ್ತು, ಹೊಗೆ ಮೇಲಿನಿಂದ ಹೋಗುತ್ತಿತ್ತು ಎಂದು ಜನ ಹೇಳುತ್ತಾರೆ. ಸುತ್ತಲಿನ ಕಂಬಗಳ ನಡುವಿನಿಂದ ಗಾಳಿ ಬಂದು, ನೆತ್ತಿಯ ಬಯಲಿನಿಂದ ಹೋಗುವ ಆ ಮಂಟಪದಲ್ಲಿ ಹುಡುಗನನ್ನು ಮೇ ತಿಂಗಳ ಮಧ್ಯಾಹ್ನ ನಿಲ್ಲಿಸಿದೆ. ತಲೆಯೆತ್ತಿ ಬಹಳ ಹೊತ್ತು ನೋಡಿ, “ಕಾಕಾ, ಟಾಪ್ ಎಕ್ಸಾಸ್ಟ್!” ಅಂದ. ಕೋಪೇಶ್ವರನಿಗೆ ಕೋಪ ಬರಲಿಲ್ಲ.

ಇಷ್ಟಾದರೂ ಅವನ ಆಸೆ ನಿಲ್ಲಲಿಲ್ಲ. ಈಗ ಅವನಿಗೆ ವಾಟರ್ ಕೂಲಿಂಗ್ ಬೇಕಂತೆ: ಪ್ರೊಸೆಸರಿನ ಮೇಲೆ ಕೂರುವ ಸಣ್ಣ ಪಂಪು, ಎರಡು ನಳಿಗೆ, ಒಂದು ರೇಡಿಯೇಟರು, ನೀರು ಸುತ್ತುತ್ತ ಕಾವು ಒಯ್ಯುತ್ತದೆ. ಉಪಾಯ ಸುಳ್ಳೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಬಂದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರಿಗೆ ದ್ರವದ ತಂಪೇ ಇದೆ, 3.3 ಪೆಟಾಫ್ಲಾಪ್ಸ್ ಲೆಕ್ಕ ಮಾಡುವ ಯಂತ್ರಕ್ಕೆ ಬರೀ ಗಾಳಿ ಸಾಲದು. ವಿಜಯಪುರದ ಆದಿಲಶಾಹಿ ಸುಲ್ತಾನರು ಕುಮಟಗಿಯಲ್ಲಿ ಕೊಳವೆಗಳಿಂದ ನೀರು ತಂದು, ಮಂಟಪಗಳಲ್ಲಿ ಚಿಮ್ಮಿಸಿ ಬೇಸಿಗೆ ಕಳೆಯುತ್ತಿದ್ದರು. ಆದರೆ ಅಲ್ಲೂ ಒಂದು ಮಾತು ಉಳಿಯುತ್ತದೆ: ನೀರು ಕಾವನ್ನು ರೇಡಿಯೇಟರಿನ ತನಕ ಮುಟ್ಟಿಸುತ್ತದೆ, ಅಲ್ಲಿಂದ ಆಚೆಗೆ ಒಯ್ಯಬೇಕಾದದ್ದು ಮತ್ತದೇ ಫ್ಯಾನು, ಅದೇ ಗಾಳಿ.

ಮನೆಯಲ್ಲಿ ಈ ಪ್ರಸ್ತಾಪ ಬಿದ್ದುಹೋದದ್ದು ಬೇರೆಯೇ ಕಾರಣಕ್ಕೆ. ಕಂಪ್ಯೂಟರು, ನೀರು ಎಂಬೆರಡು ಮಾತು ಒಟ್ಟಿಗೆ ಕಿವಿಗೆ ಬಿದ್ದರೆ ಜುಗೂಳದವರ ಎದೆ ಝಲ್ಲೆನ್ನುತ್ತದೆ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹೊಯ್ದು ಕೊಯ್ನಾ ಅಣೆಕಟ್ಟಿನ ಬಾಗಿಲು ತೆರೆದರೆಂದರೆ ನಾವು ಟಿವಿ, ಕಂಪ್ಯೂಟರು, ಜೋಳದ ಚೀಲ ಎಲ್ಲವನ್ನೂ ಮಾಳಿಗೆಗೆ ಏರಿಸುವವರು. 2005, 2019, 2021, ಇವು ನಮ್ಮ ಕಡೆ ಇಸವಿಗಳಲ್ಲ, ಗೋಡೆಯ ಮೇಲಿನ ಕಲೆಗಳು. ಅಣ್ಣ ಒಂದೇ ಮಾತಿನಲ್ಲಿ ಮುಗಿಸಿದ: “ವಾಟರ್ ಕೂಲಿಂಗ್ ರೊಕ್ಕಾ ಕೊಟ್ಟ ಯಾಕ ತರತಿ? ಆಗಸ್ಟ್ ತನಕ ತಡಿ, ಕೃಷ್ಣವ್ವ ಪುಕ್ಕಟ ಮಾಡಿ ಕೊಡತಾಳ.”

ಹಾಗಾಗಿ ಹುಡುಗ ಗಾಳಿಯಲ್ಲೇ ಉಳಿದ. ಮುಂದೆ ಜಾಳಿಗೆ, ಹಿಂದೆ ನೆಟ್ಟಗಾದ ಫ್ಯಾನು, ಬಡಿಗೇರ ಕಂಪ್ಯೂಟರ್ ಟೇಬಲ್ಲಿಗೆ ಮಾಡಿದ್ದ ಹಿಂದಿನ ಹಲಗೆಗೆ ಕೈಯಗಲದ ಕಿಂಡಿ; ಡಬ್ಬಿಯನ್ನು ಗೋಡೆಯಿಂದ ಒಂದು ಗೇಣು ಸರಿಸಿದ್ದೂ ಆಯಿತು. ಮೊದಲು ಆಟ ಆಡುವಾಗ 90ರ ಮೇಲೆ ಹೋಗುತ್ತಿದ್ದ ಕಾವು ಈಗ 70ರ ಹತ್ತಿರ ನಿಲ್ಲುತ್ತದೆಂದು ಪರದೆಯ ಮೂಲೆಯ ಅಂಕಿ ತೋರಿಸಿ ಹಿಗ್ಗುತ್ತಾನೆ. ಸದ್ದಂತೂ ಅರ್ಧಕ್ಕಿಳಿದಿದೆ. ಇಡೀ ಮನೆಯಲ್ಲಿ ಇದರಿಂದ ಸಂತೋಷವಾಗದವರು ಒಬ್ಬರೇ, ನಮ್ಮ ವೈನಿ.

“ಗಾಳಿ ಮಾಡಿಕೊಟ್ಟ ಭಾಳ ಉಪಕಾರ ಮಾಡಿದ್ರಿ ನೀವು” ಎಂದರು ಮೊನ್ನೆ ಚಹಾ ಕೊಡುತ್ತ. “ಮೊದಲ ರಾತ್ರಿ ಹತ್ತಕ್ಕ ಅದು ಕಾದು ತಾನ ಬಂದ್ ಆಗತಿತ್ತು, ಹುಡುಗ ಮಲಗತಿದ್ದ. ಈಗ ಎರಡ ಹೊಡದರೂ ತಣ್ಣಗ ನಡದೈತಿ. ಇದಕ್ಕೊಂದ ಉಪಾಯ ಹೇಳ್ರಿ.”

ನನಗೆ ಗೊತ್ತಿರುವ ಗಾಳಿಯ ಶಾಸ್ತ್ರದಲ್ಲಿ ಇರುವುದೆಲ್ಲ ತಂಪು ಮಾಡುವ ಉಪಾಯ. ಬಿಸಿ ಮಾಡಬೇಕೆಂದರೆ ಆಯಿಯನ್ನೇ ಕೇಳಬೇಕು. ಮುಂದಿನ ಖಂಡೇನವಮಿಯ ಚೆಂಡು ಹೂವಿನ ಮಾಲೆಯನ್ನು ಇನ್ನೊಂದು ಹಿಡಿ ದಪ್ಪ ಕಟ್ಟಿ, ಜಾಳಿಗೆಗೆ ಅಡ್ಡಲಾಗಿ ಇಳಿಬಿಟ್ಟು, ಪರೀಕ್ಷೆ ಮುಗಿಯುವ ತನಕ ದೇವರ ಮಾಲೆ ತೆಗೆಯಬಾರದು ಅಂದುಬಿಟ್ಟರೆ, ಅವಳ ಮಾತು ಮೀರುವ ಧೈರ್ಯ ಯಾವ ಹುಡುಗನಿಗೂ ಇಲ್ಲ.